ಗೇಟಿನ ಕಾಕಾ ತೊಳೆದಿಟ್ಟ ಕಪ್ಪು

ವಸತಿಗೃಹದ ಹಿಂದಿನ ಜಗುಲಿಗೆ ಮೂರು ಮೆಟ್ಟಿಲು. ನಾನು ನಡುವಿನ ಮೆಟ್ಟಿಲ ಮೇಲೆ ನಿಂತಿದ್ದೆ. ಸೋಮವಾರ, ಮಧ್ಯಾಹ್ನ ನಾಲ್ಕು ದಾಟಿ ಹತ್ತು ನಿಮಿಷ. ನನ್ನಿಂದ ಹತ್ತು ಹೆಜ್ಜೆ ದೂರದಲ್ಲಿ, ತೆಂಗಿನ ಬುಡದ ನಲ್ಲಿಯ ಮುಂದೆ, ಗೇಟಿನ ಕಾಕಾ ಕುಕ್ಕರಗಾಲಲ್ಲಿ ಕೂತು ಬಿಳಿ ಪಿಂಗಾಣಿ ಕಪ್ಪೊಂದನ್ನು ತೊಳೆಯುತ್ತಿದ್ದರು. ಒಂದು ಚಿಟಿಕೆ ಮರಳು ತೆಗೆದುಕೊಂಡು ಹೆಬ್ಬೆರಳಿನಿಂದ ಅಂಚನ್ನು ಸುತ್ತಲೂ ಉಜ್ಜಿದರು. ಮೂರು ಸಲ ನೀರು ಹಾಕಿದರು. ಬಿಸಿಲಿಗೆ ಎತ್ತಿ ಹಿಡಿದು ಒಳಗೆ ನೋಡಿದರು. ಆಮೇಲೆ ಎದ್ದು, ಉಳಿದ ಕಪ್ಪುಗಳಿದ್ದ ಮೇಜಿನ ಕಡೆ ಬಾರದೆ, ಕಂಪೌಂಡಿನ ಗೋಡೆಯ ತುದಿಗೆ ಹೋಗಿ ಅದನ್ನು ಅಲ್ಲಿ ಬೋರಲು ಹಾಕಿ ಬಂದರು.

ಜಾಗ, ಹೊತ್ತು ಮೊದಲು ಹೇಳುವುದನ್ನು ನನಗೆ ಕಲಿಸಿದವರು ಅವರೇ. ಶಹಾಪುರದ ಕಾಲುವೆ ಕಚೇರಿಗೆ ನಾನು ಗುಮಾಸ್ತನಾಗಿ ಸೇರಿದಾಗ ಅವರು ಒಂದು ಉಪಕಾಲುವೆಯ ಗೇಟು ನೋಡುತ್ತಿದ್ದರು. ದಿನಾ ಎರಡು ಸಲ ಗೇಟಿನ ಪಕ್ಕದ ಅಳತೆ ಪಟ್ಟಿ ನೋಡಿ ನೀರಿನ ಮಟ್ಟ ಬರೆಯಬೇಕು. ರಿಜಿಸ್ಟರಿನಲ್ಲಿ ನಾಲ್ಕು ಮನೆ: ಜಾಗ, ಹೊತ್ತು, ನೀರು, ಕಂಡವರು. ನಾನು ಮೊದಲ ದಿನ ನೇರವಾಗಿ ನೀರು ಬರೆಯಲು ಹೋದೆ. ಅವರು ರಿಜಿಸ್ಟರಿನ ಮೇಲೆ ಕೈ ಇಟ್ಟರು. ಆ ಅಂಗೈಯ ಅಡ್ಡಕ್ಕೆ ಗೇಟಿನ ಚಕ್ರ ತಿರುಗಿಸಿ ತಿರುಗಿಸಿ ಎದ್ದ ಗಟ್ಟಿ ದಿಂಡೊಂದು ಇತ್ತು. ಕಾಗದದ ಮೇಲೆ ಅದು ಮರದ ತುಂಡಿನಂತೆ ಸದ್ದು ಮಾಡಿತು.

‘ಮೊದಲ ಎಲ್ಲಿ ನಿಂತೀರಿ ಬರೀರಿ ಬಾಬೂರ. ಆಮ್ಯಾಲ ಯಾವಾಗ. ನೀರಂದು ಕಡೀಕ. ನಿಂತ ಜಾಗಾನೇ ಹೇಳದವ ನೀರು ಏನ್ ಹೇಳ್ತಾನ?’

ನನಗಿಂತ ಹದಿನೈದು ವರ್ಷ ದೊಡ್ಡವರು. ಆದರೂ ನನ್ನನ್ನು ಬಾಬೂರ ಎಂದೇ ಕರೆಯುತ್ತಿದ್ದರು. ಗೇಟಿನ ಸುತ್ತಲಿನ ಹೊಲದವರ ಮಕ್ಕಳೆಲ್ಲ ಅವರನ್ನು ಗೇಟಿನ ಕಾಕಾ ಎನ್ನುತ್ತಿದ್ದರು, ನನಗೂ ಅದೇ ರೂಢಿಯಾಯಿತು. ಹಿಂದೆ ಅವರು ಅದೇ ಕಾಲುವೆಯನ್ನು ಅಗೆದ ಕೂಲಿಯವರಲ್ಲಿ ಒಬ್ಬರು. ತಾನು ಅಗೆದ ಮಣ್ಣಿನಲ್ಲಿ ನೀರು ಬಂದದ್ದನ್ನು ನೋಡಿ, ಅಲ್ಲೇ ಕೆಲಸ ಹಿಡಿದು, ಅಲ್ಲೇ ಮುಗಿಸಿದರು. ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಮಗಳ ಶಾಲೆಯ ಬಹುಮಾನದ ಕಾಗದ. ಗೇಟಿನ ಪಕ್ಕದ ಕೋಣೆಯಲ್ಲಿ ಅವರು ಇಟ್ಟುಕೊಂಡ ಅಲಂಕಾರ ಅಷ್ಟೇ. ಹೆಂಡತಿ ಬೇಗ ತೀರಿಕೊಂಡಿದ್ದರು.

ಅಪ್ಪಣೆಯ ಚೀಟಿ ಇಲ್ಲದೆ ಅವರು ಗೇಟು ಎತ್ತಿದವರಲ್ಲ. ಯಾರಾದರೂ ಬಂದು, ‘ಕಾಕಾ, ಎರಡ ಸುತ್ತು ತಿರುವು, ಯಾರು ನೋಡ್ತಾರ?’ ಎಂದರೆ, ‘ಹೇಳಿದ ಮ್ಯಾಲ ತಿರುವ್ತೀನಿ. ಹೇಳೂದಕ್ಕಿಂತ ಮೊದಲು ನನ್ನ ಕೈ ನಂದಲ್ಲ’ ಎನ್ನುತ್ತಿದ್ದರು.

ಒಂದು ವರ್ಷ ಕಾಲುವೆಯ ತುದಿಯ ಹೊಲಗಳಿಗೆ ನೀರು ಮುಟ್ಟಲಿಲ್ಲ. ಮೇಲಿನ ಅಧಿಕಾರಿಯೊಬ್ಬರು ಗೇಟಿಗೆ ಬಂದು, ಮಟ್ಟ ಮೂರಡಿ ಎಂದು ಬರೆ ಎಂದು ನನಗೆ ಹೇಳಿ ಜೀಪು ಹತ್ತಿದರು. ಪಟ್ಟಿಯಲ್ಲಿ ಇದ್ದದ್ದು ಒಂದೂ ಮುಕ್ಕಾಲು. ನಾನು ಪೆನ್ನು ಹಿಡಿದು ಕೂತೇ ಇದ್ದೆ. ಕಾಕಾ ಒಲೆಯ ಮೇಲೆ ಚಹಾ ಇಡುತ್ತ, ನನ್ನ ಕಡೆ ತಿರುಗದೆ ಹೇಳಿದರು: ‘ಎಷ್ಟದ ಅಷ್ಟ ಬರೀರಿ. ನೀರಿಗಿ ಸುಳ್ಳು ಹೇಳಾಕ ಬರಂಗಿಲ್ಲ. ನೀವು ಯಾಕ ಕಲೀತೀರಿ?’ ನಾನು ಇದ್ದಷ್ಟನ್ನೇ ಬರೆದೆ. ನನಗೆ ಬೈಗುಳ ಬಂತು. ಆ ಲೆಕ್ಕದ ಮೇಲೆ ತುದಿಯ ಹೊಲಗಳಿಗೆ ತಡವಾಗಿಯಾದರೂ ನೀರು ಹೋಯಿತು. ನಾನು ನೆಟ್ಟಗೆ ನೌಕರಿ ಮಾಡಿದ್ದರೆ ಅದು ಆ ದಿನದಿಂದ.

ಆ ಚಹಾದ ಮಾತು ಇಲ್ಲೇ ಹೇಳಬೇಕು. ನನಗೆ ಹೂವಿನ ಚಿತ್ರದ ಕಪ್ಪಿನಲ್ಲಿ ಕೊಡುತ್ತಿದ್ದರು. ತಾವು ಕಿವಿ ಇದ್ದ ಒಂದು ಹಳೆಯ ಜರ್ಮನ್ ಕಪ್ಪಿನಲ್ಲಿ ಕುಡಿಯುತ್ತಿದ್ದರು. ಅಲ್ಯುಮಿನಿಯಂ ಅದು, ಅಂಚು ಕರಿ ಹಿಡಿದಿತ್ತು. ಕುಡಿದ ಕೂಡಲೇ ಮರಳಿನಿಂದ ಉಜ್ಜಿ, ಮೂರು ನೀರು ಹಾಕಿ, ಬಾಗಿಲ ಹೊರಗಿನ ಗೋಡೆಯ ಮೊಳೆಗೆ ತೂಗುಹಾಕುತ್ತಿದ್ದರು. ನನ್ನ ಕಪ್ಪು ಮಾತ್ರ ಒಳಗಿನ ಹಲಗೆಯ ಮೇಲೆ. ಇಪ್ಪತ್ತು ವರ್ಷ ಇದನ್ನು ನೋಡಿದೆ. ಒಂದು ದಿನ ಹೊಗಳಿದ್ದೂ ಉಂಟು: ‘ಸ್ವಚ್ಛ ಅಂದ್ರ ನಿಮ್ಮದು ಕಾಕಾ.’ ಅವರು ನಕ್ಕಿದ್ದರು.

ಅವರು ನಿವೃತ್ತರಾದ ಬೇಸಿಗೆಯಲ್ಲಿ, ಕಾಲುವೆ ಬಂದ್ ಆದ ಮೇಲೆ, ಏನಾದರೂ ಬೇಕೇ ಎಂದು ಕೇಳಿದೆ. ಆಗಲೇ ಎದೆಯಲ್ಲಿ ಕೆಮ್ಮು ಕೂತಿತ್ತು.

‘ನಾವು ಬಿಟ್ಟ ನೀರು ಹೋಗಿ ಸಮುದ್ರಕ್ಕ ಬೀಳ್ತದಂತ. ಅದೊಂದ ನೋಡಬೇಕ್ರಿ.’

ನಾನು ಅವರನ್ನೂ ನನ್ನ ಹೆಂಡತಿಯನ್ನೂ ಕರೆದುಕೊಂಡು ಸುರಪುರದಿಂದ ಹುಬ್ಬಳ್ಳಿ ಬಸ್ಸು ಹತ್ತಿದೆ. ಅಲ್ಲಿಂದ ಘಟ್ಟ ಇಳಿದು ಹೊನ್ನಾವರದ ಕಡೆಯ ಒಂದು ಆರು ಕೋಣೆಯ ವಸತಿಗೃಹ. ಕಿಟಕಿ ತೆಗೆದರೆ ಸಮುದ್ರ. ಕಾಕಾ ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನಿಂತರು. ಆಮೇಲೆ ಸೂರ್ಯ ಇದ್ದ ಕಡೆ ನೋಡಿ, ನನ್ನ ಕಡೆ ನೋಡಿ, ‘ಬಾಬೂರ, ನಮ್ಮ ಕೃಷ್ಣಾ ಮೂಡಲಕ್ಕ ಹೋಗ್ತಾಳ. ನೀವು ನನ್ನ ಪಡುವಲಕ್ಕ ತಂದೀರಿ’ ಎಂದರು.

ನೀರಾವರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕೂತವನು ನಾನು. ನಕ್ಷೆ ನನ್ನ ಬೆನ್ನ ಹಿಂದೆಯೇ ತೂಗುತ್ತಿತ್ತು. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿ ನಕ್ಕಳು. ಕಾಕಾ ನನ್ನ ಮುಖ ನೋಡಿ, ‘ಇರಲಿ ಬಿಡ್ರಿ, ಸಮುದ್ರದ ಒಳಗ ಎಲ್ಲಾ ನೀರು ಕೂಡೇ ಇರಬೇಕು’ ಎಂದರು.

ಊಟಕ್ಕೆ ಕೆಂಪು ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ ಅರೆದ ಮೀನಿನ ಸಾರು. ನಮಗಿಬ್ಬರಿಗೆ ಸೌತೆಕಾಯಿ ಹುಳಿ. ಕಾಕಾ ಅನ್ನದ ಒಂದು ಅಗುಳನ್ನು ಬೆರಳಲ್ಲಿ ಎತ್ತಿ ಹಿಡಿದು, ‘ಇದಕ್ಕ ಬಸರಿದ್ದಂಗ ಹೊಟ್ಟಿ ಬಂದದಲ್ರಿ’ ಎಂದರು. ಆಮೇಲೆ ಮೂರು ಸಲ ಹಾಕಿಸಿಕೊಂಡು ಉಂಡರು. ನನ್ನ ಹೆಂಡತಿ ಕಟ್ಟಿ ತಂದಿದ್ದ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಗಂಟಿನಲ್ಲೇ ಉಳಿಯಿತು.

ಆ ಭಾನುವಾರ ಮಧ್ಯಾಹ್ನ ನದಿ ಸಮುದ್ರ ಸೇರುವಲ್ಲಿಯ ಸೇತುವೆಗೆ ಹೋದೆವು. ಕಾಕಾ ಕಂಬದ ಮೇಲೆ ಅಳತೆ ಪಟ್ಟಿ ಹುಡುಕಿದರು. ಪಟ್ಟಿ ಇರಲಿಲ್ಲ. ಕಂಬದ ಒಂದು ಪಾಚಿ ಗೆರೆಯನ್ನು ಗುರುತು ಹಿಡಿದುಕೊಂಡು ನಿಂತರು. ಸ್ವಲ್ಪ ಹೊತ್ತಿಗೆ ನನ್ನ ತೋಳು ಬಿಗಿಯಾಗಿ ಹಿಡಿದರು.

‘ನೀರು ತಿರುಗಿ ಬರಾಕತ್ತದ!’

ಭರತದ ಹೊತ್ತು. ಸಮುದ್ರ ನದಿಯೊಳಗೆ ಏರುತ್ತಿತ್ತು. ಅವರು ತಮ್ಮ ಜೀವಮಾನದಲ್ಲಿ ನೀರು ಮೇಲಿಂದ ಕೆಳಕ್ಕೆ ಹೋಗುವುದನ್ನು ಮಾತ್ರ ಕಂಡವರು. ಮೇಲಿನವರು ಕುಡಿದು ಬಿಟ್ಟದ್ದು ತುದಿಯವರಿಗೆ. ಪಾಚಿ ಗೆರೆ ಮುಳುಗುವವರೆಗೂ ಅಲ್ಲಿಂದ ಕದಲಲಿಲ್ಲ. ‘ಇಲ್ಲಿ ಕಡೀ ಹೊಲದವಗ ಮೊದಲ ನೀರು ನೋಡ್ರಿ’ ಎಂದರು. ಕಣ್ಣು ಒದ್ದೆಯಾಗಿದ್ದವು, ಗಾಳಿಯಿಂದ ಇರಬಹುದು.

ಮಾರನೆಯ ದಿನವೇ ನಾನು ಮೊದಲು ಹೇಳಿದ ಆ ಸೋಮವಾರ. ವಸತಿಗೃಹ ನಡೆಸುತ್ತಿದ್ದ ಅಮ್ಮ ಅರವತ್ತರ ಹತ್ತಿರದವರು. ನಾಲ್ಕು ಗಂಟೆಗೆ ಸರಿಯಾಗಿ ಜಗುಲಿಯ ಮೇಜಿಗೆ ಬಾಳೆಹಣ್ಣಿನ ಬನ್ಸು, ಕಾಯಿ ಹಾಕಿದ ಅವಲಕ್ಕಿ ತಂದಿಟ್ಟರು. ಎಲ್ಲರ ಮುಂದೆ ಒಂದೇ ಥರದ ಬಿಳಿ ಕಪ್ಪು. ಅವರು ಚಹಾದ ಪಾತ್ರೆ ಹಿಡಿದು ಕಾಕಾನ ಹತ್ತಿರ ಬಂದಾಗ ಕಾಕಾ ತಮ್ಮ ಕಪ್ಪನ್ನು ಮೇಜಿನಿಂದ ತೆಗೆದು ನೆಲದ ಮೇಲೆ ಇಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಅಮ್ಮನಿಗೆ ತಿಳಿಯಲಿಲ್ಲ. ‘ಕಾಲು ತಾಗ್ತದೆ’ ಎಂದು ಕಪ್ಪನ್ನು ಎತ್ತಿ, ಸೆರಗಿನಿಂದ ಒರೆಸಿ, ಅವರ ಕೈಗೇ ಕೊಟ್ಟು ಚಹಾ ಸುರಿದರು. ಕಾಕಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಜಗುಲಿಯ ಅಂಚಿನಲ್ಲಿ ನಿಂತೇ ಕುಡಿದರು. ಆಮೇಲೆ ನಲ್ಲಿಗೆ ಹೋದರು.

ಅವರು ಗೋಡೆಯ ಕಡೆಯಿಂದ ವಾಪಸು ಬರುವಾಗ ಅಮ್ಮ ಕೇಳಿದರು: ‘ಅಯ್ಯೋ, ನೀವೆಂತಕ್ಕೆ ತೊಳೀತ್ರಿ? ಅಲ್ಲೇ ಇಟ್ರೆ ನಾ ತೊಳೀತೆ.’

‘ಚಟ ಬಿದ್ದದ್ರಿ ಯಕ್ಕಾ. ಬೀಡಿ ಬಿಟ್ಟೆ, ಇದು ಬಿಡವಲ್ದು.’

‘ಯಾವ ಚಟ ಕಾಕಾ?’ ಎಂದೆ ನಾನು.

ಅವರು ನನ್ನನ್ನು ನೋಡಿದರು. ‘ನಿಮಗ ಗೊತ್ತಿಲ್ಲೇನ್ರಿ? ಗೊತ್ತದ ಅಂತ ತಿಳಕೊಂಡಿದ್ದೆ ನಾ.’ ಒದ್ದೆ ಕೈ ಒರೆಸಿಕೊಳ್ಳುತ್ತ ಹೇಳಿದರು: ‘ನಿಮ್ಮ ಅಪ್ಪಾರ ಹೋಟ್ಲಾಗ ಬಿದ್ದದ್ದು. ಕಾಲುವಿ ಹಡ್ಡುವಾಗ ಎರಡು ಬ್ಯಾಸಗಿ ಅಲ್ಲೇ ಚಾ ಕುಡದೀನಿ. ಹೊರಗಿನ ಗ್ವಾಡಿಗಿ ಮೂರು ಮೊಳಿ ಇದ್ದುವಲ್ರಿ, ನಡುವಿಂದು ನಂದು.’ ಆಮೇಲೆ, ನನಗೆ ಬೇಸರವಾಗಬಾರದೆಂದು ಇರಬೇಕು, ‘ಚಾ ಮಾತ್ರ ಭಾಳ ಚಲೋ ಇರ್ತಿತ್ತು. ಸುಳ್ಳ ಯಾಕ ಹೇಳ್ಲಿ’ ಎಂದರು.

ದೇವಾಪುರದ ದಾರಿಯ ಒಂದು ಹಳ್ಳಿ ನಮ್ಮದು. ಬಸ್ಸು ನಿಲ್ಲುವಲ್ಲಿ ನನ್ನ ತಂದೆಯ ಚಹಾದ ಹೋಟೆಲು ಇತ್ತು. ಹೊರಗೋಡೆಗೆ ಮೂರು ಮೊಳೆ, ಮೂರು ಜರ್ಮನ್ ಕಪ್ಪು. ಊರ ಹೊರಗಿನ ಕೇರಿಯವರು ಅದನ್ನು ತೆಗೆದುಕೊಂಡು ನೆಲಕ್ಕಿಟ್ಟು ದೂರ ನಿಲ್ಲಬೇಕು, ನನ್ನ ತಂದೆ ಮೇಲಿಂದ ಸುರಿಯಬೇಕು, ಕುಡಿದವರು ತಾವೇ ತೊಳೆದು ಅಲ್ಲೇ ತೂಗುಹಾಕಬೇಕು. ಆ ಮೊಳೆಗಳು ನನಗೆ ಇಂದಿಗೂ ನೆನಪಿವೆ. ಕುಡಿದವರ ಒಂದು ಮುಖವೂ ನೆನಪಿಲ್ಲ.

ನಾನು ಏನೂ ಹೇಳಲಿಲ್ಲ. ಆಗ ಹೇಳಬೇಕಾಗಿತ್ತು. ಹೇಳಲಿಲ್ಲ ಎಂದೇ ಬರೆಯುತ್ತಿದ್ದೇನೆ.

ಸಂಜೆ ದಂಡೆಯಲ್ಲಿ ಕಾಕಾ ಮುಂದೆ ನಡೆದಿದ್ದರು. ನನ್ನ ಹೆಂಡತಿ ಮೆಲ್ಲಗೆ, ‘ಇಷ್ಟು ವರ್ಷ ಅವರ ಕೈಯಾಗಿನ ಚಾ ನೀವು ಕುಡದೀರಿ. ನಮ್ಮ ಮನ್ಯಾಗ ಅವರು ಒಮ್ಮೆರೆ ಕುಡದಾರ?’ ಎಂದಳು.

‘ಬಾಗಿಲಾಗೇ ನಿಂತು ಈಗ ಕುಡದೀನಿ ಅಂತಿದ್ರು.’

‘ನಾ ಒಳಗ ಬರ್ರಿ ಅಂದೀನಿ. ನೀವು ಒಂದ ದಿನಾನೂ ಅಂದಿಲ್ಲ.’

ಮಂಗಳವಾರ ನಾಲ್ಕು ಗಂಟೆಗೆ ಕಾಕಾ ಮತ್ತೆ ನಿಂತೇ ಕುಡಿದು ಮುಗಿಸಿದರು. ಅವರು ನಲ್ಲಿಗೆ ಹೊರಡುವ ಮೊದಲೇ ನಾನು ಕಪ್ಪಿಗೆ ಕೈ ಹಾಕಿದೆ. ಅವರು ಬಿಡಲಿಲ್ಲ. ಚಕ್ರ ತಿರುಗಿಸಿದ ಕೈ ಅದು; ನಾನು ಎಳೆದರೆ ಬರುವಂಥದ್ದಲ್ಲ.

‘ನೀವು ಯಾಕ ತೊಳೀತೀರಿ ಬಾಬೂರ? ಯಾರು ಹೇಳ್ಯಾರ?’

‘ಯಾರೂ ಹೇಳಿಲ್ಲ.’

‘ಹಂಗಾರ ಬಿಡ್ರಿ. ಹೇಳಿದ ಮ್ಯಾಲ ತೊಳೀರಂತ.’

ತಾವೇ ತೊಳೆದು ಗೋಡೆಯ ಮೇಲೆ ಇಟ್ಟರು. ಬುಧವಾರ ನಾವು ಬಸ್ಸು ಹತ್ತಿದೆವು. ಇಡೀ ದಾರಿ ಅವರು ತಿರುಗಿ ಬಂದ ನೀರಿನ ಮಾತನ್ನೇ ಆಡಿದರು. ನಾನು ಹೇಳಬೇಕಾಗಿದ್ದ ಮಾತು ಹುಬ್ಬಳ್ಳಿಯಲ್ಲೂ ಹೊರಗೆ ಬರಲಿಲ್ಲ, ಸುರಪುರದಲ್ಲೂ ಬರಲಿಲ್ಲ. ಗೇಟಿನ ಕೋಣೆ ಬಿಟ್ಟು ಅವರು ವಡಗೇರಾದಲ್ಲಿ ಶಿಕ್ಷಕಿಯಾಗಿದ್ದ ಮಗಳ ಮನೆಗೆ ಹೋದರು.

ಮಳೆಗಾಲ ಮುಗಿಯುವ ಹೊತ್ತಿಗೆ ಕೆಮ್ಮು ಅವರನ್ನು ಮಲಗಿಸಿತು. ಯಾದಗಿರಿಯ ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಹೆಂಡತಿ ಮಾಡಿ ಕೊಟ್ಟ ಚಹಾವನ್ನು ಫ್ಲಾಸ್ಕಿನಲ್ಲಿ ಹಿಡಿದು ನಾನು ವಡಗೇರಾದ ಬಸ್ಸು ಹತ್ತಿದೆ. ಶುಕ್ರವಾರ. ಅವರ ಮಂಚದ ಎಡಕ್ಕೆ, ಕಿಟಕಿಗೆ ಬೆನ್ನು ಹಾಕಿ ಕೂತಿದ್ದೆ. ಗಂಟೆ ನಾಲ್ಕಾಗಲು ಸ್ವಲ್ಪ ಇತ್ತು. ಮಗಳು ಅದೇ ಜರ್ಮನ್ ಕಪ್ಪು ತಂದುಕೊಟ್ಟಳು. ‘ಬ್ಯಾರೇದರಾಗ ಒಲ್ಲೆ ಅಂತಾನ್ರಿ ಅಪ್ಪ’ ಎಂದಳು. ನಾನು ಸುರಿದು, ಬಾಯಿಗೆ ಹಿಡಿದೆ. ಎರಡು ಗುಟುಕು ಹೋಯಿತು. ಮೂರನೆಯದಕ್ಕೆ ಅವರೇ ಕಪ್ಪು ಹಿಡಿದುಕೊಂಡರು, ಕುಡಿದರು. ಮಗಳು ಖಾಲಿ ಕಪ್ಪಿಗೆ ಕೈ ನೀಡಿದಳು. ಅವರು ಕೈ ಆಚೆ ಸರಿಸಿ ಅದನ್ನು ನನ್ನ ಕಡೆ ಚಾಚಿದರು.

‘ತೊಳಿ, ತಮ್ಮಾ.’

ಹಿತ್ತಲಿನ ನಲ್ಲಿಯ ಮುಂದೆ ಕುಕ್ಕರಗಾಲಲ್ಲಿ ಕೂತೆ. ಮರಳು ತೆಗೆದುಕೊಂಡು ಅಂಚು ಉಜ್ಜಿದೆ. ಮೂರು ನೀರು ಹಾಕಿದೆ. ಬಿಸಿಲಿಗೆ ಹಿಡಿದು ನೋಡಿದೆ. ಎಲ್ಲಿ ಇಡಬೇಕೆಂದು ತಿಳಿಯದೆ ನಿಂತೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮಗಳು ಅದನ್ನು ತೆಗೆದುಕೊಂಡು ಹೋಗಿ ಅಡುಗೆಮನೆಯಲ್ಲಿ ಉಳಿದ ಕಪ್ಪುಗಳ ಸಾಲಿನಲ್ಲಿ ಇಟ್ಟಳು.

ನಾನು ಮಂಚದ ಹತ್ತಿರ ಬಂದಾಗ ಅವರು ಕಣ್ಣು ತೆರೆದರು.

‘ಸ್ವಚ್ಛ ಆತೇನು?’

ಆಯಿತು ಎನ್ನಲು ಬಾಯಿ ತೆರೆದೆ. ಅವರು ನನ್ನನ್ನೇ ನೋಡುತ್ತಿದ್ದರು. ಗೇಟಿನ ಹತ್ತಿರ ಪಟ್ಟಿ ಓದಿ ಹೇಳುವಾಗ ನೋಡುತ್ತಿದ್ದ ಹಾಗೆ.

‘ಅಂಚಿಗಿ ಸ್ವಲ್ಪ ಕರಿ ಉಳದದ, ಕಾಕಾ’ ಎಂದೆ. ‘ಅದು ನಮ್ಮ ಮನೀದು.’

‘ಹೂಂ’ ಎಂದರು. ‘ಅದು ಹೋಗಂಗಿಲ್ಲ.’ ಕೈ ಎತ್ತಿ ನನ್ನ ಮೊಣಕಾಲ ಮೇಲೆ ಇಟ್ಟರು. ಆ ದಿಂಡು ಇನ್ನೂ ಗಟ್ಟಿಯಾಗಿಯೇ ಇತ್ತು. ಕೊನೆಯ ಬಸ್ಸಿನವರೆಗೂ ಹಾಗೇ ಕೂತೆ. ನಾಲ್ಕನೆಯ ದಿನ ಕಾಕಾ ಹೋದರು.

ಇಷ್ಟು ವರ್ಷ ಇದನ್ನು ನಾನು ಬರೆದಿರಲಿಲ್ಲ. ಈಗ ಬರೆದಿದ್ದೇನೆ, ಜಾಗ, ಹೊತ್ತು, ಇದ್ದದ್ದು ಇದ್ದಷ್ಟು. ಉಳಿದದ್ದು ನಾಲ್ಕನೆಯ ಮನೆ. ವಸತಿಗೃಹದ ಜಗುಲಿಯಲ್ಲಿ ಕಂಡವರು ಇಬ್ಬರು: ನನ್ನ ಹೆಂಡತಿ, ಮತ್ತು ಆ ಅಮ್ಮ. ಈಗ ಆ ಅಮ್ಮನಿಗೆ ಕಣ್ಣು ಮಂಜಾಗಿದೆ, ಆದರೂ ನಾಲ್ಕು ಗಂಟೆಗೆ ತಾವೇ ಚಹಾ ಸುರಿಯುತ್ತಾರಂತೆ. ವಡಗೇರಾದ ಹಿತ್ತಲಲ್ಲಿ ಕಂಡವಳು ಕಾಕಾನ ಮಗಳು. ಅದೇ ಊರಿನ ಶಾಲೆಯಲ್ಲಿ ಇನ್ನೂ ಪಾಠ ಮಾಡುತ್ತಿದ್ದಾಳೆ, ಕಪ್ಪು ಅವಳ ಮನೆಯಲ್ಲಿದೆ. ಮೂವರೂ ಇದ್ದಾರೆ. ನಾನು ಬರೆದದ್ದರಲ್ಲಿ ಹೆಚ್ಚು ಕಡಿಮೆ ಇದ್ದರೆ ಅವರು ಹೇಳಲಿ.