ಅಪ್ಪಿಯಕ್ಕನ ಹಲಗೆಗಳು

ಐಸ್ ಪ್ಲಾಂಟಿನಲ್ಲಿ ಮಂಜುಗಡ್ಡೆ ಒಡೆಯುವ ಗರಗರ ಸದ್ದು ಕೇಳಿದರೆ ಅಪ್ಪಿಗೆ ಬೆಳಗಾಯಿತು ಎಂದರ್ಥ. ಬಂದರಿನ ಆ ಓಣಿಯಲ್ಲೇ ಹುಟ್ಟಿ ಬೆಳೆದವಳು. ಮೂವತ್ತೊಂದು ವರ್ಷಗಳಿಂದ ಅವಳ ಕೆಲಸವೂ ಅಲ್ಲೇ, ಬೋಟು ಕಟ್ಟುವ ಧಕ್ಕೆಯ ಮೇಲೆ. ಬೋಟಿನ ತಳಕ್ಕೆ ಬಳಿಯುವ ಪೈಂಟು ಮಾಡುವ ಕಂಪನಿಯೊಂದು ಹೊಸ ಪೈಂಟು ಹಚ್ಚಿದ ಹಲಗೆಗಳನ್ನು ಅಲ್ಲಿ ಉಪ್ಪುನೀರಿಗೆ ಇಳಿಬಿಡುತ್ತದೆ. ತಿಂಗಳಿಗೊಮ್ಮೆ ಎತ್ತಿ, ಎಷ್ಟು ಕಡಲಚಿಪ್ಪು ಅಂಟಿ ಬೆಳೆದಿದೆ ಎಂದು ಅಪ್ಪಿ ಎಣಿಸಬೇಕು. ಚಿಪ್ಪು ಕಡಿಮೆಯಾದಷ್ಟೂ ಪೈಂಟು ಒಳ್ಳೆಯದು.

ಮೊದಲೆಲ್ಲ ಕಾಗದವೇ ಇರಲಿಲ್ಲ. ಕಂಪನಿಯ ಧಣಿ ಮಹಾಬಲ ಶೆಟ್ಟರು ಪಂಚೆ ಎತ್ತಿ ಕಟ್ಟಿ ಧಕ್ಕೆಗೆ ಬರುತ್ತಿದ್ದರು.

"ಎಂತ ಅಪ್ಪಿ, ಹೇಗುಂಟು?"

"ಅಡ್ಡಿಯಿಲ್ಲ ಧಣಿ."

ಅಷ್ಟಕ್ಕೇ ಪೈಂಟು ಮಾರಾಟದ ಡಬ್ಬಿ ಸೇರುತ್ತಿತ್ತು. ಆಮೇಲೆ ಎಲ್ಲರೂ ಅಲ್ಲೇ ಕೂತು ಆಗಷ್ಟೇ ಕರಿದ ಬಿಸಿ ಗೋಳಿಬಜೆ ತಿನ್ನುವುದು. ಆ ಬಿಸಿ ಅವಳ ಬೆರಳಿಗೆ ಈಗಲೂ ನೆನಪಿದೆ. ಹಾಗೆ ಹೋದ ಪೈಂಟೊಂದು ಒಂದೇ ಸೀಸನ್ನಿಗೆ ಸಿಪ್ಪೆಯೆದ್ದು, ಬೋಟಿನವರು ಆಫೀಸಿಗೆ ನುಗ್ಗಿದ್ದೂ ನೆನಪಿದೆ. ಮತ್ತೊಂದು ವರ್ಷ ಅವಳಿಗೆ ಕಾಮಾಲೆಯಾಯಿತು. ಅಪ್ಪಿ ಮಲಗಿದಳು, ಸಂಶೋಧನೆಯೂ ಮಲಗಿತು. ಬೇರೆಯವರು ಎಣಿಸಿದ್ದು ಯಾವುದಕ್ಕೂ ತಾಳೆಯಾಗಲಿಲ್ಲ.

ಆಮೇಲೆ ಕ್ರಮ ಬಂತು. ಪರೀಕ್ಷೆಯ ಪ್ರತಿ ಹಂತದ ಫಲಿತಾಂಶವನ್ನೂ ಬರೆಯಬೇಕು. ಒಂದು ಮುಗಿಯದೆ ಇನ್ನೊಂದಕ್ಕೆ ಹೋಗುವಂತಿಲ್ಲ. ಅಪ್ಪಿ ಗೊಣಗಿದಳು. ಆದರೆ ಕಳೆದ ನಾಲ್ಕು ಪೈಂಟುಗಳಲ್ಲಿ ಒಂದೂ ವಾಪಸು ಬಂದಿಲ್ಲ.

ಈ ತಿಂಗಳ ಕೊನೆಗೆ ಅವಳಿಗೆ ನಿವೃತ್ತಿ. ಅವಳು ಹೇಳಿದಂತೆ ಲ್ಯಾಬಿನ ಅಕ್ಷಿತಾ ಹಲಗೆ ಎತ್ತಿ ಎಣಿಸುವ ಕೆಲಸವನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿದ್ದಾಳೆ. ಒಂದೇ ಪೈಂಟಿನ ಜೋಡಿ ಹಲಗೆಗಳಲ್ಲಿ ಒಂದನ್ನು ಅಪ್ಪಿ, ಇನ್ನೊಂದನ್ನು ಹಾಳೆ ನೋಡಿ ಅಕ್ಷಿತಾ ಎತ್ತಿ ಎಣಿಸಬೇಕು. ಎರಡೂ ಹೊಂದಿದರೆ ಹೊಸ ಪೈಂಟು ಮುಂದಕ್ಕೆ. ಇಲ್ಲದಿದ್ದರೆ ಆರು ತಿಂಗಳ ಪರೀಕ್ಷೆ ಮೊದಲಿನಿಂದ, ಅದೂ ಅಪ್ಪಿಯಿಲ್ಲದೆ.

ಮೊದಲ ಜೋಡಿಯಲ್ಲಿ ಅಪ್ಪಿಗೆ ಮೂವತ್ತೆಂಟು ಸಿಕ್ಕಿತು. ಅಕ್ಷಿತಾಳಿಗೆ ಐವತ್ತೇಳು.

ಹುಡುಗಿಯ ಮುಖ ಬಾಡಿತು. ಅಪ್ಪಿಗೆ ಒಳಗೊಳಗೇ ಖುಷಿಯಾಯಿತು. ಮರುಕ್ಷಣ ಆ ಖುಷಿಗೆ ನಾಚಿಕೆಯೂ ಆಯಿತು.

"ಅಕ್ಕ, ಇನ್ನೊಂದು ಜೋಡಿ ಉಂಟಲ್ಲ, ಅದು ಹೊಂದಿದ್ರೂ ಸಾಕು. ನೀವು ಎತ್ತಿ, ನಾನು ನೋಡ್ತೇನೆ."

ಅಪ್ಪಿ ಹಗ್ಗ ಎಳೆದಳು.

"ನಿಲ್ಲಿ ನಿಲ್ಲಿ! ಈಗ ಎಂತ ಮಾಡಿದ್ರಿ?"

"ಎಂತ ಮಾಡುವುದು? ಎತ್ತಿದೆ."

"ಅಲ್ಲ, ನೀರಿಂದ ತೆಗೆಯುವ ಮೊದಲು ಮೂರು ಸಲ ಆಡಿಸಿದ್ರಿ. ಕೆಸರು, ಸತ್ತ ಚಿಪ್ಪು ಎಲ್ಲ ಉದುರಿ ಹೋಯ್ತು. ಇದು ಹಾಳೆಯಲ್ಲೇ ಇಲ್ಲ ಮಾರಾಯ್ರೆ!"

"ಹೌದಾ? ನನಗೇ ಗೊತ್ತಿಲ್ಲ ಮಗಾ."

ಅಪ್ಪಿ ತನ್ನ ಕೈಯನ್ನೇ ನೋಡಿಕೊಂಡಳು. ಇದು ಅಮ್ಮನ ಕೈ. ಇದೇ ಧಕ್ಕೆಯಲ್ಲಿ ಅಮ್ಮ ಬೂತಾಯಿ ಮೀನಿನ ಬುಟ್ಟಿಯನ್ನು ಹೀಗೇ ಮುಳುಗಿಸಿ, ಮೂರು ಸಲ ಆಡಿಸಿ, ನೀರು ಸೋರುತ್ತಿರುವಂತೆಯೇ ತಲೆಗೇರಿಸುತ್ತಿದ್ದಳು. ಹಿಂದೆ ಸೆರಗು ಹಿಡಿದು ನಡೆಯುವ ಅಪ್ಪಿಯ ನೆತ್ತಿಗೆ ಆ ತಣ್ಣನೆಯ ಹನಿ.

ಅಕ್ಷಿತಾ ಹಾಳೆಯಲ್ಲಿ ನಾಲ್ಕನೆಯ ಹಂತ ಸೇರಿಸಿದಳು. ತನ್ನ ಹಲಗೆಯನ್ನೂ ಹಾಗೆಯೇ ಆಡಿಸಿ ಎತ್ತಿದಳು. ಅಪ್ಪಿಯದು ನಲವತ್ತು, ಅವಳದು ಮೂವತ್ತೊಂಬತ್ತು.

"ಪಾಸ್ ಅಕ್ಕ! ನಿಲ್ಲಿ, ಗೋಳಿಬಜೆ ತರ್ತೇನೆ."

"ಮೊದಲು ಇದನ್ನೂ ಬರಿ," ಎಂದಳು ಅಪ್ಪಿ, ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ. "ಮೂರನೆಯ ಸಲ ಸ್ವಲ್ಪ ನಿಧಾನ ಆಡಿಸಬೇಕು. ಅಮ್ಮ ಹೇಳ್ತಿದ್ರು, ಮೂರನೆಯ ಸಲಕ್ಕೆ ನೀರೇ ತೊಳೆದು ಕೊಡ್ತದೆ ಅಂತ." ಎನ್ನುತ್ತಲೇ ಗೋಳಿಬಜೆ ತರಲು ತಾನೇ ಓಣಿಯ ಕಡೆಗೆ ನಡೆದಳು.