ಸ್ಪೀಕರಿನ ಮೇಲಿಟ್ಟ ಕ್ಯಾಸೆಟ್ಟು

ಗಿರಿಜಾ, ನಿನ್ನ ಅಮ್ಮನ ಸ್ವರವನ್ನು ಹಾಳು ಮಾಡಿದವನು ನಿನ್ನ ಮಾವ ಶೀನ ಅಲ್ಲ. ನಾನು.

ಇಷ್ಟು ಹೇಳಲು ಇಷ್ಟು ವರ್ಷ ಬೇಕಾಯಿತು. ಎಲ್ಲವನ್ನೂ ಹೊತ್ತಿಗೆ ಸರಿಯಾಗಿ ಮಾಡುವವನು ಎಂದು ಹೆಸರು ಪಡೆದವನು ನಾನು — ಇದೊಂದನ್ನು ಬಿಟ್ಟು.

ಕುಂದಾಪುರದ ಹೆದ್ದಾರಿ ಬದಿಯ ನನ್ನ ಅಂಗಡಿ ನಿನಗೆ ನೆನಪಿದೆಯಲ್ಲ. ಲಾರಿಗಳಿಗೆ ವಯರಿಂಗ್ ಮಾಡುವುದು, ಟೇಪ್ ಕೂರಿಸುವುದು ನನ್ನ ಕೆಲಸ. ಪ್ರತಿ ಸಾಮಾನಿಗೂ ಗೋಡೆಯಲ್ಲಿ ಒಂದೊಂದು ಮೊಳೆ. 'ಕ್ಯಾಸೆಟ್ಟುಗಳನ್ನು ಸ್ಪೀಕರಿನ ಹತ್ತಿರ ಇಡಬಾರದು' ಎಂದು ಗೋಡೆಯ ಮೇಲೆ ನಾನೇ ಬಣ್ಣದಲ್ಲಿ ಬರೆದಿದ್ದೆ. ಸ್ಪೀಕರಿನ ಬೆನ್ನಿಗೆ ಅಯಸ್ಕಾಂತ ಇರುತ್ತದೆ, ಅದು ಟೇಪಿನ ಮೇಲಿರುವ ಸ್ವರವನ್ನು ತಿಂದುಹಾಕುತ್ತದೆ. ನನ್ನ ಶಿಸ್ತು ನೋಡಿ ಡ್ರೈವರುಗಳು ನನ್ನನ್ನು ಮಾಷ್ಟ್ರೆ ಎಂದು ಕರೆಯುತ್ತಿದ್ದರು. "ಹ್ವಾಯ್ ಮಾಷ್ಟ್ರೆ, ಒಳ್ಗ್ ಬಪ್ಕೆ ಚಪ್ಲಿ ತೆಗಿಕಾ?" ಎಂದು ಬಾಗಿಲಲ್ಲಿ ನಿಂತು ನಗುತ್ತಿದ್ದವನು ನಿನ್ನ ಮಾವನೇ.

ತೊಂಬತ್ತೇಳರಲ್ಲಿ ಅವನು ಬೈಂದೂರಿನಿಂದ ಮೀನಿನ ಲಾರಿ ಓಡಿಸಲು ಶುರುಮಾಡಿದಾಗ ನಿನ್ನ ಅಮ್ಮ, ಅವನ ಅಕ್ಕ, ಒಂದು ಕ್ಯಾಸೆಟ್ಟಿನ ತುಂಬ ಅವನನ್ನು ಬೈದು ಕೊಟ್ಟಿದ್ದಳು. ದಾರಿಯಲ್ಲಿ ತೂಕಡಿಕೆ ಬಂದರೆ ಹಾಕಿಕೊಳ್ಳಲು. ನಿನಗಾಗ ಮೂರು ವರ್ಷ. ಮರುವರ್ಷ ಅವಳು ಜ್ವರದಲ್ಲಿ ತೀರಿಕೊಂಡಳು, ನೀನು ಬ್ರಹ್ಮಾವರಕ್ಕೆ, ಅಪ್ಪನ ಮನೆಗೆ ಹೋದೆ. ಶೀನ ಮಾತ್ರ ಆ ಬೈಗುಳ ಕೇಳುತ್ತಲೇ ವರ್ಷಗಟ್ಟಲೆ ಲಾರಿ ಓಡಿಸಿದ. "ಅಕ್ಕ ಗಾಡಿಯಗ್ ಇದ್ರೆ ನಿದ್ರಿ ಹತ್ರ ಬತ್ತಿಲ್ಲೆ ಮಾಷ್ಟ್ರೆ" ಎನ್ನುತ್ತಿದ್ದ.

ನಿನ್ನ ಮದುವೆ ನಿಶ್ಚಯವಾದ ಮೇಲೆ, ಗುಜರಿಗೆ ಹೋಗಲಿದ್ದ ಅದೇ ಲಾರಿಯನ್ನು — ಮುಂದೆ ಮೂತಿ ಚಾಚಿದ ಹಳೆಯ ಕಾಲದ್ದು — ಅವನು ಕೊಂಡು ರಿಪೇರಿ ಮಾಡಿಸಿದ. ಎಲ್ಲರೂ ಪೆನ್‌ಡ್ರೈವ್ ಹಾಕಿಸುತ್ತಿದ್ದ ಕಾಲ. ಅವನಿಗೆ ಹಳೆಯ ಟೇಪೇ ಬೇಕು. ಮದುವೆಗೆ ಮೊದಲು ನೀನು ಆ ಲಾರಿಯಲ್ಲಿ ಕೂತು ಅಮ್ಮನ ಸ್ವರ ಕೇಳಬೇಕು — ಅಷ್ಟೇ ಅವನ ಆಸೆ. ಕ್ಯಾಸೆಟ್ಟನ್ನು ಮಗುವನ್ನು ಕೊಟ್ಟ ಹಾಗೆ ನನ್ನ ಕೈಗೆ ಕೊಟ್ಟುಹೋದ.

ಬೆಂಚಿನ ಮೇಲೆ ಟೇಪ್ ಇಟ್ಟು ಹಾಕಿ ನೋಡಿದೆ. ಸ್ವರ ಸ್ವಚ್ಛವಾಗಿತ್ತು, ಗಿರಿಜಾ. ಕ್ಯಾಸೆಟ್ಟು ಹೊರತೆಗೆಯುವಾಗ ಮಧ್ಯಾಹ್ನ ಒಂದು ಗಂಟೆಯಾಯಿತು. ಒಂದು ಗಂಟೆಗೆ ಊಟಕ್ಕೆ ಏಳುವುದು ನನ್ನ ನಿಯಮ. ಕೈಯಲ್ಲಿದ್ದುದನ್ನು ಅಲ್ಲೇ ಇಟ್ಟು ಎದ್ದೆ. ಅಲ್ಲೇ ಎಂದರೆ — ಲಾರಿಯಿಂದ ಬಿಚ್ಚಿ ಮಗುಚಿಟ್ಟಿದ್ದ ದೊಡ್ಡ ಸ್ಪೀಕರಿನ ಬೆನ್ನಿನ ಮೇಲೆ.

ಬಂದು ನೋಡಿದಾಗಲೇ ತಿಳಿಯಿತು. ಹಾಕಿ ಕೇಳುವ ಧೈರ್ಯವಾಗಲಿಲ್ಲ. ಏನೂ ಆಗಿರಲಿಕ್ಕಿಲ್ಲ ಎಂದು — ಇಲ್ಲ, ಆಗಿದೆ ಎಂದು ಗೊತ್ತಿತ್ತು.

ನೀನು ಬಂದ ದಿನ ಲಾರಿಯಲ್ಲಿ ಅವನ ಪಕ್ಕ ಕೂತೆ. ನಾನು ಮೆಟ್ಟಿಲ ಮೇಲೆ ನಿಂತು ಗುಂಡಿ ಒತ್ತಿದೆ. ಅಮ್ಮನ ಸ್ವರ ಎದ್ದಿತು, ಮುಳುಗಿತು, ಮತ್ತೆ ಎದ್ದಿತು. ಬಿಸಿಲಿಗೆ ಕೆಟ್ಟ ಟೇಪು ಎಳೆದೆಳೆದು ಹಾಡುತ್ತದೆ. ಹೀಗೆ ಸುರುಳಿ ತಿರುಗಿದ ಹಾಗೆಲ್ಲ ಸ್ವರ ಹೋಗಿ ಬರುವುದು ಅಯಸ್ಕಾಂತದ ಗುರುತು. ಅದು ಗೊತ್ತಿದ್ದವನು ಅಲ್ಲಿ ನಾನೊಬ್ಬನೇ.

"ಎಂತ ಆಯ್ತ್ ಇದ್ಕ್?" ಎಂದು ನೀನು ನನ್ನನ್ನೇ ಕೇಳಿದೆ.

"ಡ್ಯಾಶ್‌ಬೋರ್ಡಿನ ಮೇಲೆ ಬಿಸಿಲಿಗೆ ಬಿದ್ದಿತ್ತಲ್ಲ, ಎಷ್ಟು ವರ್ಷ" ಎಂದೆ.

ಶೀನ ತಕ್ಷಣ ಒಪ್ಪಿಕೊಂಡ. "ಹೌದ್ ಹೆಣ್ಣೆ, ಅಲ್ಲೇ ಇಡ್ತಿದ್ದೆ. ನಾನೇ ಹಾಳ್ ಮಾಡ್ದೆ."

"ಒಂದ್ ಕ್ಯಾಸೆಟ್ ಜಾಗ್ರತಿ ಮಾಡುಕ್ ಆಯ್ಲಿಲ್ಯಾ ಮಾವ?" ಎಂದು ಇಳಿದು ಹೋದೆ ನೀನು. ಅವನ ಮುಖ ನೋಡಲಿಲ್ಲ. ನಾನು ನೋಡಿದೆ — ಆಗಲೂ ಬಾಯಿ ಬಿಡಲಿಲ್ಲ.

ಮದುವೆಯ ದಿನ ನಿನ್ನನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವ. ಆ ಜಾಗದಲ್ಲಿ ಅಪ್ಪನ ಕಡೆಯವರು ಯಾರೋ ಇದ್ದರು. ಶೀನ ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದ. ನನ್ನ ಎಲೆಯ ಮುಂದೆ ಬಗ್ಗಿ, "ಇನ್ನೊಂಚೂರ್ ಹಾಕ್ತೆ ಮಾಷ್ಟ್ರೆ" ಎಂದ. ಹಾಕಿಸಿಕೊಂಡು ಉಂಡೆ. ನನ್ನ ಬದುಕಿನಲ್ಲಿ ಅದಕ್ಕಿಂತ ಕೀಳಾದದ್ದನ್ನು ನಾನು ಮಾಡಿಲ್ಲ.

ಅದಾದ ಮೇಲೆ ನೀನು ಅವನ ಮನೆಗೆ ಹೋದದ್ದಿಲ್ಲ ಎಂದು ಗೊತ್ತಿದೆ.

ಕಳೆದ ವಾರ ಅಂಗಡಿ ಮುಚ್ಚಿದೆ. ಗೋಡೆಯ ಮೇಲಿದ್ದ ಆ ಬರಹಕ್ಕೆ ಸುಣ್ಣ ಬಳಿಯುವಾಗ ಕೈ ಮುಂದೆ ಹೋಗಲಿಲ್ಲ. ಬ್ರಷ್ಷು ಅಲ್ಲಿಟ್ಟು ಬೈಂದೂರಿನ ಬಸ್ಸು ಹತ್ತಿದೆ.

ಲಾರಿ ಅವನ ಅಂಗಳದಲ್ಲಿತ್ತು. ಒಳಗೆ ಇಬ್ಬರು ಮಾತಾಡುತ್ತಿದ್ದ ಹಾಗೆ ಕೇಳಿತು. ಹತ್ತಿರ ಹೋದರೆ ಶೀನ ಒಬ್ಬನೇ, ಟೇಪು ತಿರುಗುತ್ತಿದೆ. ಅಕ್ಕನ ಸ್ವರ ಮುಳುಗಿದಲ್ಲೆಲ್ಲ ಅವಳ ಮಾತನ್ನು ಅವನು ಹೇಳುತ್ತಿದ್ದ — ಅವಳದೇ ರಾಗದಲ್ಲಿ, ಅವಳು ಮರಳಿ ಬರುವ ಹೊತ್ತಿಗೆ ಸರಿಯಾಗಿ ನಿಲ್ಲಿಸುತ್ತಿದ್ದ. ಅವನಿಗೆ ಎಲ್ಲವೂ ಬಾಯಿಪಾಠ.

ನಡೆದದ್ದನ್ನು ಪೂರ್ತಿ ಹೇಳಿದೆ. ಅವನು ಬೈಯುತ್ತಾನೆಂದು ಕಾದೆ. ಸ್ಟೇರಿಂಗ್ ಒರೆಸುತ್ತ, "ಗಿರಿಜೆಗ್ ಹೇಳಿದ್ರ್ಯಾ?" ಎಂದ. ಅಷ್ಟೇ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನನ್ನನ್ನು ಕ್ಷಮಿಸು ಎಂದಲ್ಲ. ಆ ಮಾತು ಕೇಳುವ ಹಕ್ಕು ನನಗಿಲ್ಲ. ನೀನು ಬೈಂದೂರಿಗೆ ಹೋಗು. ಮಾವನ ಪಕ್ಕ ಕೂತು ಟೇಪು ಹಾಕಿಸು. ನಿನ್ನ ಹೆಸರಿನ ಮಾತು ಕೊನೆಯಲ್ಲಿದೆ.

"ಗಿರಿಜೆ ಇಲ್ಲೇ ಕೂಕಂಡಿತ್ ಕಾಣ್. ನೀ ಬಪ್ವರಿಗೆ..." ಎನ್ನುತ್ತಾಳೆ ನಿನ್ನ ಅಮ್ಮ, ಅಲ್ಲಿ ಸ್ವರ ಮುಳುಗುತ್ತದೆ.

"ನಿದ್ರಿ ಮಾಡುದಿಲ್ಲೆ ಅಂತ್" ಎನ್ನುತ್ತಾನೆ ನಿನ್ನ ಮಾವ.

"ಕಣ್ ಬಿಟ್ಕಂಡ್ ಬಾ ಶೀನ" ಎಂದು ಅವಳು ಮರಳುತ್ತಾಳೆ.

ನಡುವಿನ ಆ ಖಾಲಿ ಜಾಗ ನನ್ನದು.