ಕೆಂಪು ಪುಟದ ಮುಂದೆ ಚಿಕ್ಕಮ್ಮ

ಆ ಆಫೀಸಿನಲ್ಲಿ ಆಕೆ ಎಲ್ಲರಿಗೂ ಚಿಕ್ಕಮ್ಮ. ನಿಜವಾಗಿ ಚಿಕ್ಕಮ್ಮನಾಗಬೇಕಾದ್ದು ಯಜಮಾನನಿಗೆ ಮಾತ್ರ. ಅವನು ಆಕೆಯ ಅಕ್ಕನ ಮಗ, ಕ್ಲಿನಿಕ್ಕುಗಳಿಗೆ ವೆಬ್‌ಸೈಟ್ ಮಾಡಿಕೊಡುವವನು. ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ನಿವೃತ್ತರಾದ ಮೇಲೆ ಗೋಡೆ ನೋಡುತ್ತ ಕೂರುವ ಜಾಯಮಾನ ಚಿಕ್ಕಮ್ಮನದಲ್ಲ. "ನಿನ್ನ ಕಣ್ಣು ತಪ್ಪಿಸಿ ಒಂದು ಸೊಳ್ಳೆನೂ ಹೋಗಲ್ಲ, ಬಂದು ನಮ್ಮ ತಪ್ಪು ಹುಡುಕು" ಎಂದು ಅವನು ಕರೆದ, ಇವರು ಬಂದರು. ಮಹಡಿಯ ಮೇಲೊಂದು ಕೋಣೆ, ನಾಲ್ಕು ಮೇಜು, ಕಿರುಗುಟ್ಟುವ ಒಂದು ಫ್ಯಾನು. ತಪ್ಪು ಹುಡುಕುವುದಕ್ಕೆ ಸಂಬಳ ಕೊಡುತ್ತಾರೆಂದು ಮೊದಲೇ ಗೊತ್ತಿದ್ದರೆ ಗಂಡನ ವಿಷಯದಲ್ಲಿ ಅಷ್ಟು ವರ್ಷ ಪುಕ್ಕಟೆ ದುಡಿಯುತ್ತಿರಲಿಲ್ಲ ಎಂದು ನಗುತ್ತಿದ್ದರು.

ಅಕ್ಕನ ಮಗನ ಕಂಪ್ಯೂಟರಿನಲ್ಲಿ ಓಡುವ ಅರೆಬರೆ ಸೈಟನ್ನು ತಮ್ಮ ಕಂಪ್ಯೂಟರಿನಲ್ಲೂ ಫೋನಿನಲ್ಲೂ ತೆರೆದು, ಒಂದೊಂದೇ ಗುಂಡಿ ಒತ್ತಿ ನೋಡಿ, ಕೊನೆಗೆ 'ಎಲ್ಲ ಸರಿ' ಎಂದು ಬರೆದುಕೊಡುವುದು ಅವರ ಕೆಲಸ. ಆದರೆ ತೆರೆಯುವ ಮೊದಲೇ ಬ್ರೌಸರ್ ತಕರಾರು ತೆಗೆಯುತ್ತಿತ್ತು: 'ಈ ಸಂಪರ್ಕ ಸುರಕ್ಷಿತವಲ್ಲ' ಎಂಬ ಕೆಂಪು ಪುಟ.

"ಅದು ನಮ್ದೇ ಮಷಿನ್ ಚಿಕ್ಕಮ್ಮ. ಇದು ಇಂಥದೇ ಸೈಟು ಅಂತ ಹೇಳೋ ಸರ್ಟಿಫಿಕೇಟನ್ನ ಹೊರಗಿನವರ ಹತ್ರ ತಗೊಳ್ದೆ ನಾನೇ ಮಾಡ್ಕೊಂಡಿದೀನಿ, ಬ್ರೌಸರ್ ನಂಬಲ್ಲ ಅಷ್ಟೆ. 'ಆದರೂ ಮುಂದುವರಿ' ಅಂತ ಇರುತ್ತಲ್ಲ, ಒತ್ತಿಬಿಡು."

ಚಿಕ್ಕಮ್ಮ ಒತ್ತಿದರು. ದಿನಕ್ಕೆ ಇಪ್ಪತ್ತು ಸಲದಂತೆ ಎಂಟು ತಿಂಗಳು ಒತ್ತಿದರು. ಬರಬರುತ್ತ ಕೆಂಪು ಪುಟ ಕಣ್ಣಿಗೆ ಬೀಳುವ ಮೊದಲೇ ಬೆರಳು ತನ್ನ ಕೆಲಸ ಮುಗಿಸಿರುತ್ತಿತ್ತು.

ಹೀಗಿರುವಾಗ ಒಂದು ಕ್ಲಿನಿಕ್ಕಿನ ಸೈಟ್ ಸಿದ್ಧವಾಗಿ, ಎಲ್ಲರೂ ನೋಡುವ ನಿಜವಾದ ಸರ್ವರಿಗೆ ಏರಿತು. ರೋಗಿಗಳು ರಕ್ತ ಪರೀಕ್ಷೆಯ ಫಲಿತಾಂಶವನ್ನು ಮನೆಯಲ್ಲೇ ನೋಡಿಕೊಳ್ಳುವ ಸೈಟು. ಚಿಕ್ಕಮ್ಮ ಸಂಜೆಯತನಕ ನೋಡಿ 'ಎಲ್ಲ ಸರಿ' ಬರೆದರು. ಮರುದಿನ ಬೆಳಿಗ್ಗೆ ಡಾಕ್ಟರ ಫೋನು. ತೆರೆದವರಿಗೆಲ್ಲ ಕೆಂಪು ಪುಟ ಬಂದು ಜನ ಹೆದರಿ ಮುಚ್ಚಿಬಿಟ್ಟಿದ್ದರು. ಕಾಲಿಗೆ ಪಟ್ಟಿ ಕಟ್ಟಿಕೊಂಡ ಮುದುಕಿಯೊಬ್ಬರು ಎರಡು ಬಸ್ಸು ಬದಲಿಸಿ ಕ್ಲಿನಿಕ್ಕಿಗೇ ಬಂದಿದ್ದರಂತೆ. ನೋಡಿದರೆ, ಆ ಸರ್ವರಿಗೆ ಬೇರೆ ಯಾವುದೋ ಸೈಟಿನ ಸರ್ಟಿಫಿಕೇಟ್ ಹಾಕಿದ್ದು ಅಕ್ಕನ ಮಗನೇ.

"ನೀನು ನೋಡ್ದಾಗ ಸರಿಯಾಗೇ ಇತ್ತಲ್ಲ. ಆಮೇಲೆ ನಾನೇ ಏನೋ ಎಡವಟ್ಟು ಮಾಡಿರ್ಬೇಕು" ಎಂದ ಅವನು.

ಚಿಕ್ಕಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

"ಇಲ್ಲ ಕಣೋ. ನನಗೂ ಕೆಂಪೇ ಬಂದಿರುತ್ತೆ. ಒತ್ಕೊಂಡು ಒಳಗೆ ಹೋಗಿದೀನಿ. ಒತ್ತಿದ್ದು ನೆನಪೂ ಇಲ್ಲ."

ವಾರ್ಡಿನಲ್ಲಿ ರೋಗಿಯ ಪಕ್ಕದ ಯಂತ್ರ ಕೂಗಿಕೊಂಡಾಗ, ತಿರುಗಿಯೂ ನೋಡದೆ ಅದರ ಬಾಯಿ ಮುಚ್ಚಿಸುತ್ತಿದ್ದ ಎಳೆಯ ನರ್ಸುಗಳಿಗೆ ಇದೇ ಚಿಕ್ಕಮ್ಮ ಗ್ರಹಚಾರ ಬಿಡಿಸುತ್ತಿದ್ದರು. ಈಗ ತಾವೇ ಹಾಗಾಗಿದ್ದಕ್ಕೆ ಅವರಿಗೆ ಹೇಳಲಾರದಷ್ಟು ನಾಚಿಕೆಯಾಯಿತು.

"ನನ್ನ ಕಣ್ಣನ್ನ ನಾನೇ ನಂಬೋ ಹಾಗಿಲ್ಲ ಅಂದ್ಮೇಲೆ 'ಸರಿ' ಅಂತ ಹೇಗೆ ಬರ್ಕೊಡ್ಲಿ? ನಾಳೆಯಿಂದ ನಾನು ಬರಲ್ಲ. ಬರ್ಬೇಕು ಅಂದ್ರೆ ಈ ಕೋಣೇಲಿ ಸುಮ್ಸುಮ್ನೆ ಕೆಂಪು ಬರಬಾರ್ದು. ಬಂತು ಅಂದ್ರೆ ನಿಜವಾಗ್ಲೂ ಏನೋ ಕೆಟ್ಟಿದೆ ಅಂತಲೇ ಇರ್ಬೇಕು."

ಆಫೀಸಿನೊಳಗಿನ ಮಷಿನ್ನಿಗೆ ಅಷ್ಟೆಲ್ಲ ಯಾಕೆಂದು ಅವನು ಮೂಗು ಮುರಿದ. ಆದರೆ ಚಿಕ್ಕಮ್ಮನ ಪಟ್ಟು ಅವನಿಗೆ ಹುಟ್ಟಿನಿಂದಲೇ ಗೊತ್ತು. ಇಬ್ಬರೂ ಕೂತರು. ಮೊದಲು ಆಫೀಸಿನದೇ ಒಂದು ಮುದ್ರೆಯಂಥ ಮೂಲ ಸರ್ಟಿಫಿಕೇಟ್ ಮಾಡಿ, ಇದನ್ನು ನಂಬು ಎಂದು ಪ್ರತಿ ಕಂಪ್ಯೂಟರಿಗೂ ಫೋನಿಗೂ ಹೇಳಿಕೊಟ್ಟರು. ಆಮೇಲೆ ಆ ಮುದ್ರೆ ಒತ್ತಿ ಅವನ ಮಷಿನ್ನಿಗೊಂದು ಸರ್ಟಿಫಿಕೇಟ್ ಬರೆದರು. ಕಂಪ್ಯೂಟರುಗಳು ತೆಪ್ಪಗಾದವು. ಫೋನು ಮಾತ್ರ ಜಪ್ಪಯ್ಯ ಅಂದರೂ ಕೇಳಲಿಲ್ಲ. ಫೋನಿನಲ್ಲಿ ಆ ಮಷಿನ್ನನ್ನು ತೆರೆಯುತ್ತಿದ್ದದ್ದು ಹೆಸರಿನಿಂದಲ್ಲ, ಅದರ ಐಪಿ ವಿಳಾಸದ ನಂಬರಿನಿಂದ. ಸರ್ಟಿಫಿಕೇಟಿನಲ್ಲಿ ಇದ್ದದ್ದು ಹೆಸರು ಮಾತ್ರ. ಎರಡನ್ನೂ ಸೇರಿಸಿ ಮತ್ತೆ ಬರೆದರು.

ಆ ಮುದ್ರೆ ಒತ್ತಲು ಬೇಕಾದ ಗುಟ್ಟಿನ ಕೀಲಿಯ ಫೈಲನ್ನು ಎಲ್ಲರಿಗೂ ಸಿಗುವ ಫೋಲ್ಡರಿನಲ್ಲಿ ಹಾಕಲು ಹೋದವನ ಕೈಯನ್ನು ಚಿಕ್ಕಮ್ಮ ತಡೆದರು.

"ಇದು ಸಿಕ್ಕಿದೋರು ಯಾವ ಸೈಟಿನ ಹೆಸರಲ್ಲಿ ಸರ್ಟಿಫಿಕೇಟ್ ಬರೆದ್ರೂ ನಮ್ಮ ಮಷಿನ್‌ಗಳು ನಂಬ್ತವೆ ಅಂತ ಈಗಷ್ಟೇ ನೀನೇ ಹೇಳ್ದೆ. ಅದನ್ನ ತಗೊಂಡೋಗಿ ನಡುಬೀದೀಲಿ ಇಡ್ತೀಯಲ್ಲ."

ಫೈಲು ಪೆನ್‌ಡ್ರೈವಿಗೆ ಹೋಯಿತು, ಪೆನ್‌ಡ್ರೈವು ಬೀಗದ ಡ್ರಾಯರಿಗೆ.

ಮೂರು ವಾರ ಕೆಂಪಿನ ಸುಳಿವಿರಲಿಲ್ಲ. ಆದರೂ ಚಿಕ್ಕಮ್ಮನಿಗೆ ತಮ್ಮ ಬೆರಳಿನ ಮೇಲಿನ ಗುಮಾನಿ ಹೋಗಲಿಲ್ಲ. ಇನ್ನೊಮ್ಮೆ ಹಾಗಾದರೆ ಯಾರ ಮಾತೂ ಕೇಳದೆ ಮನೆಗೆ ಹೋಗುವುದೆಂದು ನಿಶ್ಚಯಿಸಿದ್ದರು. ಆಗ ಬಂತು ಇನ್ನೊಂದು ಕ್ಲಿನಿಕ್ಕಿನ ಸೈಟು. ಬೆಳಿಗ್ಗೆ ಹತ್ತಕ್ಕೆ ಎಲ್ಲರಿಗೂ ತೆರೆಯಬೇಕು. ಒಂಬತ್ತೂವರೆಗೆ ಚಿಕ್ಕಮ್ಮ ಕೊನೆಯ ಪರೀಕ್ಷೆಗೆ ಕೂತು ವಿಳಾಸ ಹೊಡೆದರು. ಕೆಂಪು ಪುಟ.

ಬೆರಳು ಹೊರಟೇಬಿಟ್ಟಿತ್ತು. ಆದರೆ ಈ ಸಲ ಕಣ್ಣು ಮುಂದಿತ್ತು. ಚಿಕ್ಕಮ್ಮ ಮೌಸ್ ಬಿಟ್ಟು ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡರು. ಪುಟದಲ್ಲಿದ್ದುದನ್ನು ಪೂರ್ತಿ ಓದಿದರು: ಸೈಟಿನ ಸರ್ಟಿಫಿಕೇಟಿನ ಅವಧಿ ಹಿಂದಿನ ದಿನವೇ ಮುಗಿದಿತ್ತು. ಅಕ್ಕನ ಮಗನನ್ನು ಕರೆದು ತೋರಿಸಿದರು.

ಅವನು ಗಡಿಯಾರ ನೋಡಿದ. "ಇದನ್ನ ಆಮೇಲೆ ಸರಿ ಮಾಡ್ತೀನಿ. ಅಷ್ಟರೊಳಗೆ ಒಳಗಿನದೆಲ್ಲ ನೋಡಿ ಬರ್ಕೊಟ್ಬಿಡು. ಒತ್ತು ಚಿಕ್ಕಮ್ಮ."

"ಒತ್ತಲ್ಲ ಕಣೋ."

ಅವನು ಮೌಸನ್ನು ಅವರ ಕಡೆ ಸರಿಸಿದ. ಚಿಕ್ಕಮ್ಮನ ಕೈಗಳು ಮಡಿಲು ಬಿಟ್ಟು ಏಳಲಿಲ್ಲ. ಅವನು ಫೋನ್ ತೆಗೆದು ಕ್ಲಿನಿಕ್ಕಿಗೆ ಕರೆ ಮಾಡಿದ.

"ಹತ್ತು ಗಂಟೆಗೆ ತೆರೆಯೋಕಾಗಲ್ಲ ಡಾಕ್ಟ್ರೇ" ಎಂದ. "ಸರಿಯಿಲ್ಲ ಅಂತ ನಮ್ಮ ಚಿಕ್ಕಮ್ಮ ಅಂದಿದಾರೆ."